ಲಂಡನ್ ಅಂಡರ್‌ಗ್ರೌಂಡ್‌ನಲ್ಲಿ ಕಿಟಕಿಯ ನೋಟಕ್ಕಾಗಿ ಪಯಣ: ಪದೇ ಪದೇ ಕೇಳುವ ಪ್ರಶ್ನೆಗಳು

ನೆಲದಡಿ ಓಡುವ ರೈಲಿನಿಂದ ನೋಡುವುದಕ್ಕೆ ಏನಿರುತ್ತದೆ?

ಹೆಸರನ್ನು ನಂಬಿದರೆ ಏನೂ ಇರುವುದಿಲ್ಲ. ಆದರೆ ಸುಮಾರು 400 ಕಿಲೋಮೀಟರ್ ಉದ್ದದ ಈ ಜಾಲದಲ್ಲಿ ಸುರಂಗದೊಳಗಿರುವುದು ಶೇಕಡಾ 45ರಷ್ಟು ಮಾತ್ರ. ಉಳಿದ ಹಳಿಗಳು ಬಯಲಲ್ಲಿ, ದಿಣ್ಣೆಗಳ ಮೇಲೆ, ಹೊಳೆ ದಾಟುವ ಸೇತುವೆಗಳ ಮೇಲೆ, ಕೆಲವು ಕಡೆ ಅಪ್ಪಟ ಹೊಲಗದ್ದೆಗಳ ನಡುವೆ ಸಾಗುತ್ತವೆ. ನಗರದ ನಡುಭಾಗದಲ್ಲಿ ಮೂರು ನಾಲ್ಕು ದಿನ ಓಡಾಡಿ ಹಿಂದಿರುಗುವ ಪ್ರವಾಸಿಗೆ ಸುರಂಗವಷ್ಟೇ ಕಾಣುವುದರಿಂದ, ಟ್ಯೂಬ್ (ಅಂಡರ್‌ಗ್ರೌಂಡ್‌ಗೆ ಜನ ಕರೆಯುವ ಹೆಸರು) ಎಂದರೆ ಕತ್ತಲು ಎಂಬ ಅಭಿಪ್ರಾಯ ಗಟ್ಟಿಯಾಗಿ ಉಳಿದುಬಿಡುತ್ತದೆ.

ಈ ಅಭಿಪ್ರಾಯ ರೈಲು ಕಟ್ಟಿದವರಿಗೂ ಒಮ್ಮೆ ಇತ್ತು. 1890ರಲ್ಲಿ ಲಂಡನ್ನಿನ ಆಳದ ಜೇಡಿಮಣ್ಣಿನಲ್ಲಿ ವಿದ್ಯುತ್ ರೈಲು ಮೊದಲಾದಾಗ, ಸುರಂಗದಲ್ಲಿ ಹೊರಗೆ ನೋಡುವುದೇನಿದೆ ಎಂದು ಬೋಗಿಗಳಿಗೆ ಸರಿಯಾದ ಕಿಟಕಿಗಳನ್ನೇ ಇಡದೆ, ಸೂರಿಗೆ ಹತ್ತಿರ ಸಣ್ಣ ಕಿಂಡಿಗಳನ್ನಷ್ಟೇ ಬಿಟ್ಟಿದ್ದರು. ಜನ ಅವುಗಳನ್ನು ಮೆತ್ತೆ ಹೊದಿಸಿದ ಸೆರೆಕೋಣೆಗಳೆಂದು ಹಂಗಿಸುತ್ತಿದ್ದರು.

ಒಂದೇ ಮಾರ್ಗವನ್ನು ಆರಿಸಿಕೊಳ್ಳುವುದಾದರೆ ಯಾವುದು?

ಮೆಟ್ರೊಪಾಲಿಟನ್ ಮಾರ್ಗ, ಅದರಲ್ಲಿಯೂ ಚೆಶಮ್ ಕಡೆಗೆ ಹೋಗುವ ರೈಲು. ನಕ್ಷೆಯಲ್ಲಿ ಇದನ್ನು ನೇರಳೆ ಮಿಶ್ರಿತ ಕೆಂಪು ಬಣ್ಣದಲ್ಲಿ ತೋರಿಸಿರುತ್ತಾರೆ. ಜಗತ್ತಿನ ಮೊದಲ ನೆಲದಡಿಯ ರೈಲುಮಾರ್ಗವೂ ಇದನ್ನು ಕಟ್ಟಿದ ಮೆಟ್ರೊಪಾಲಿಟನ್ ರೈಲ್ವೆ ಸಂಸ್ಥೆಯದೇ: 1863ರ ಜನವರಿ 10ರಂದು ಪ್ಯಾಡಿಂಗ್ಟನ್ ಮತ್ತು ಫ್ಯಾರಿಂಗ್ಡನ್ ನಡುವೆ ಉಗಿಬಂಡಿಗಳು ಓಡಲಾರಂಭಿಸಿದವು. ಅದೇ ಸಂಸ್ಥೆ ಮುಂದಿನ ಮೂವತ್ತು ವರ್ಷಗಳಲ್ಲಿ ಹಳಿಗಳನ್ನು ವಾಯವ್ಯಕ್ಕೆ ಚಾಚುತ್ತಾ ಹೋಗಿ, 1887ರಲ್ಲಿ ರಿಕ್‌ಮನ್ಸ್‌ವರ್ತ್, 1889ರಲ್ಲಿ ಚೆಶಮ್, 1892ರಲ್ಲಿ ಆಮರ್‌ಶಮ್ ಮುಟ್ಟಿತು. ಊರಿರುವಲ್ಲಿಗೆ ರೈಲು ಹೋಗುವುದು ವಾಡಿಕೆ. ಇಲ್ಲಿ ಹೊಲಗಳ ನಡುವೆ ರೈಲು ಮೊದಲು ಹೋಯಿತು, ಅದರ ಬೆನ್ನಿಗೆ ಮನೆಗಳು ಬಂದವು. 1915ರಿಂದ ಸಂಸ್ಥೆಯೇ ಈ ಸೀಮೆಗೆ ‘ಮೆಟ್ರೊ-ಲ್ಯಾಂಡ್’ ಎಂದು ಹೆಸರಿಟ್ಟು, ಹಳ್ಳಿಯ ಗಾಳಿಯಲ್ಲಿ ಮನೆ ಮಾಡಿ ಪಟ್ಟಣದಲ್ಲಿ ಕೆಲಸ ಮಾಡಿರೆಂದು ಕರೆಯತೊಡಗಿತು. ಎರಡನೆಯ ಮಹಾಯುದ್ಧದ ನಂತರ ಲಂಡನ್ನಿನ ಸುತ್ತ ಹಸಿರು ಪಟ್ಟಿಯನ್ನು ಕಾಯ್ದಿಟ್ಟ ಕಾರಣ ಮನೆಗಳ ಸಾಲು ಒಂದು ಹಂತದಲ್ಲಿ ನಿಂತಿತು. ಹಳಿಗಳು ಮಾತ್ರ ಅದರಾಚೆಗೂ ಉಳಿದವು. ನಗರ ರೈಲಿನಲ್ಲಿ ಕುಳಿತು ಕುರಿ ಮೇಯುವುದನ್ನು ನೋಡುವ ಅವಕಾಶ ಇಂದಿಗೂ ಇರುವುದು ಇದರಿಂದಲೇ.

ಬೇಕರ್ ಸ್ಟ್ರೀಟ್‌ನಿಂದ ಹೊರಟ ರೈಲು ಫಿಂಚ್ಲಿ ರೋಡ್ ಹತ್ತಿರ ಬೆಳಕಿಗೆ ಬರುತ್ತದೆ. ಮೊದಲ ಅರ್ಧ ಗಂಟೆ ಹಿತ್ತಿಲುಗಳು, ಒಣಗಲು ಹಾಕಿದ ಬಟ್ಟೆಗಳು, ಕಾರ್ಖಾನೆಗಳ ಬೆನ್ನು. ವೆಂಬ್ಲಿ ಪಾರ್ಕ್ ಬಳಿ ಎಡಗಡೆ ಕ್ರೀಡಾಂಗಣದ 133 ಮೀಟರ್ ಎತ್ತರದ ಉಕ್ಕಿನ ಕಮಾನು ಕಾಣಿಸಿಕೊಳ್ಳುತ್ತದೆ. ಮುಂದೆ ಹ್ಯಾರೋ-ಆನ್-ದಿ-ಹಿಲ್, ಜವಾಹರಲಾಲ್ ನೆಹರೂ 1905ರಲ್ಲಿ ಸೇರಿದ ಶಾಲೆ ಇರುವುದು ಈ ಗುಡ್ಡದ ಮೇಲೆಯೇ. ನಿಜವಾದ ಬದಲಾವಣೆ ಮೂರ್ ಪಾರ್ಕ್ ದಾಟಿದ ಮೇಲೆ. ಮರಗಳು ಒತ್ತೊತ್ತಾಗುತ್ತವೆ, ಕೋಲ್ನ್ ನದಿಯೂ ಗ್ರ್ಯಾಂಡ್ ಯೂನಿಯನ್ ಕಾಲುವೆಯೂ ಕೆಳಗೆ ಸರಿಯುತ್ತವೆ, ರಿಕ್‌ಮನ್ಸ್‌ವರ್ತ್‌ನ ಬಿಗಿಯಾದ ತಿರುವಿನಲ್ಲಿ ರೈಲು ವೇಗ ಇಳಿಸುತ್ತದೆ, ಆಮೇಲೆ ಚಿಲ್ಟರ್ನ್ ಗುಡ್ಡಗಳ ಏರು ಆರಂಭವಾಗುತ್ತದೆ. ಇವು ಸೀಮೆಸುಣ್ಣದ ಕಲ್ಲಿನ ಗುಡ್ಡಗಳು. ಅವುಗಳ ಓರೆಯಲ್ಲಿ ಬೀಚ್ ಮರಗಳ ಕಾಡುಗಳಿವೆ. ವಿಶೇಷ ನಿಸರ್ಗ ಸೌಂದರ್ಯದ ಪ್ರದೇಶವೆಂದು 1965ರಲ್ಲೇ ಇವುಗಳಿಗೆ ಕಾನೂನಿನ ರಕ್ಷಣೆ ದೊರೆತಿದೆ.

ಆಮರ್‌ಶಮ್ ಮೇಲೋ, ಚೆಶಮ್ ಮೇಲೋ?

ಎರಡೂ ಒಂದೇ ಮಾರ್ಗದ ಎರಡು ಕವಲುಗಳ ತುದಿಗಳು; ಚಾಲ್‌ಫಾಂಟ್ ಆ್ಯಂಡ್ ಲ್ಯಾಟಿಮರ್ ನಿಲ್ದಾಣ ಕಳೆದ ಮೇಲೆ ದಾರಿ ಬೇರೆಯಾಗುತ್ತದೆ. ಆಮರ್‌ಶಮ್ ಸಮುದ್ರ ಮಟ್ಟದಿಂದ ಸುಮಾರು 150 ಮೀಟರ್ ಎತ್ತರದಲ್ಲಿದ್ದು, ಇಡೀ ಜಾಲದಲ್ಲಿ ಅದಕ್ಕಿಂತ ಎತ್ತರದ ನೆಲದಲ್ಲಿ ಬೇರೆ ನಿಲ್ದಾಣವಿಲ್ಲ. ಚೆಶಮ್ ನಡು ಲಂಡನ್ನಿನಿಂದ ಅತ್ಯಂತ ದೂರದ ನಿಲ್ದಾಣ. ಸುಮಾರು 40 ಕಿಲೋಮೀಟರ್.

ನೋಟಕ್ಕಾಗಿಯೇ ಹೋಗುವವರು ಚೆಶಮ್ ಕವಲನ್ನೇ ಹಿಡಿಯಲಿ ಎಂದು ನನ್ನ ಸಲಹೆ. ಚಾಲ್‌ಫಾಂಟ್‌ನಿಂದ ಚೆಶಮ್‌ವರೆಗಿನ ಆರು ಕಿಲೋಮೀಟರ್‌ಗೂ ಮಿಕ್ಕಿದ ಒಂಟಿ ಹಳಿಯ ದಾರಿಯಲ್ಲಿ ನಡುವೆ ಒಂದು ನಿಲ್ದಾಣವೂ ಇಲ್ಲ. ಪಕ್ಕಪಕ್ಕದ ಎರಡು ನಿಲ್ದಾಣಗಳ ನಡುವೆ ಇಷ್ಟು ಅಂತರ ಅಂಡರ್‌ಗ್ರೌಂಡ್‌ನಲ್ಲಿ ಬೇರೆಲ್ಲೂ ಸಿಗದು. ಬಲಗಡೆ ಚೆಸ್ ನದಿಯ ಕಣಿವೆ, ಹುಲ್ಲುಗಾವಲು, ಬೇಲಿಸಾಲು, ದೂರದಲ್ಲೊಂದು ತೋಟದ ಮನೆ. ತುದಿಯಲ್ಲಿ ಉಗಿಬಂಡಿಗಳ ಕಾಲದ ನೀರಿನ ತೊಟ್ಟಿಯೂ ಸಿಗ್ನಲ್ ಮನೆಯೂ ಹಾಗೆಯೇ ಉಳಿದಿರುವ ಪುಟ್ಟ ನಿಲ್ದಾಣ. ಈ ಕಡೆಗೆ ವಿದ್ಯುತ್ ರೈಲು ಬಂದದ್ದೇ 1960ರಲ್ಲಿ ಎಂದರೆ ಅಚ್ಚರಿಯಾಗಬಹುದು. ಚಾಲ್‌ಫಾಂಟ್‌ನಲ್ಲಿ ಇಳಿದು ಸಣ್ಣ ರೈಲಿಗೆ ಬದಲಾಯಿಸಬೇಕೆಂದು ಹಳೆಯ ಪ್ರವಾಸಿ ಪುಸ್ತಕಗಳು ಹೇಳುತ್ತವೆ. 2010ರ ಡಿಸೆಂಬರ್‌ನಿಂದ ನಡು ಲಂಡನ್ನಿನಿಂದಲೇ ನೇರ ರೈಲುಗಳಿವೆ. ಅವು ಸಾಮಾನ್ಯವಾಗಿ ಅರ್ಧ ಗಂಟೆಗೊಂದು ಇರುವುದರಿಂದ, ಹತ್ತುವ ಮೊದಲು ಫಲಕದಲ್ಲಿ ಚೆಶಮ್ ಎಂದಿದೆಯೇ ಎಂದು ನೋಡಿಕೊಳ್ಳಬೇಕು. ಅದೇ ಪ್ಲಾಟ್‌ಫಾರ್ಮ್‌ನಿಂದ ಅಕ್ಸ್‌ಬ್ರಿಜ್ ಮತ್ತು ವಾಟ್‌ಫರ್ಡ್ ಕಡೆಗೂ ರೈಲುಗಳು ಹೊರಡುತ್ತವೆ.

ಊರು ನೋಡುವ ಆಸೆ ಮುಖ್ಯವಾದರೆ ಮಾತು ಬೇರೆ. ಆಮರ್‌ಶಮ್ ನಿಲ್ದಾಣದಿಂದ ಕಾಡಿನ ಓರೆ ಇಳಿದು ಹೋದರೆ ಹಳೆಯ ಪೇಟೆ ಸಿಗುತ್ತದೆ. ಅಲ್ಲಿನ ಸಂತೆ ಕಟ್ಟಡ 1682ರದು. ಹಿಂದಿರುಗುವಾಗ ಅದೇ ಓರೆಯನ್ನು ಹತ್ತಬೇಕಾಗುತ್ತದೆ ಎಂಬುದನ್ನು ಮಂಡಿ ನೋವಿರುವವರು ಗಮನಿಸಲಿ.

ರೈಲಿನಲ್ಲಿ ಎಲ್ಲಿ ಕುಳಿತರೆ ಚೆನ್ನ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಆದರೆ ಮಾರ್ಗದ ಆಯ್ಕೆಯಷ್ಟೇ ತೂಕ ಇದಕ್ಕೂ ಇದೆ. ಅಂಡರ್‌ಗ್ರೌಂಡ್‌ನ ಬಹುತೇಕ ರೈಲುಗಳಲ್ಲಿ ಆಸನಗಳು ಗೋಡೆಗೆ ಬೆನ್ನು ಹಾಕಿ ಉದ್ದಕ್ಕೆ ಸಾಲಾಗಿರುತ್ತವೆ. ಕುಳಿತವರ ಕಣ್ಣಿಗೆ ಬೀಳುವುದು ಎದುರಿನವರ ಮುಖ ಮತ್ತು ಅವರ ತಲೆಯ ಮೇಲಿನ ಒಂದಿಷ್ಟು ಕಿಟಕಿ. ಆದರೆ ಮೆಟ್ರೊಪಾಲಿಟನ್ ಮಾರ್ಗದ ರೈಲುಗಳಲ್ಲಿ ಪ್ರಯಾಣ ದೀರ್ಘವೆಂಬ ಕಾರಣಕ್ಕೆ ಅಡ್ಡಲಾಗಿ, ಎದುರುಬದುರಾಗಿ ಇಟ್ಟ ಆಸನಗಳೂ ಇವೆ, ಅಂದರೆ ಕಿಟಕಿ ಪಕ್ಕದ ಆಸನವೆಂಬುದು ನಿಜವಾಗಿಯೂ ಅಲ್ಲಿದೆ. 2010ರಿಂದ ಬಂದ ಈ ರೈಲುಗಳಲ್ಲಿ ಹವಾನಿಯಂತ್ರಣವಿದೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಳಗೇ ನಡೆದುಹೋಗಲೂಬಹುದು. ಚೆಶಮ್‌ಗೆ ಹೋಗುವಾಗ ಬಲಗಡೆಯ ಕಿಟಕಿ, ವೆಂಬ್ಲಿ ಮತ್ತು ಹ್ಯಾರೋ ನೋಡುವುದಕ್ಕೆ ಎಡಗಡೆಯದು. ಹ್ಯಾರೋ ದಾಟಿದ ಮೇಲೆ ಹೇಗೂ ರೈಲು ಖಾಲಿಯಾಗುತ್ತದೆ. ಆಗ ಜಾಗ ಬದಲಾಯಿಸಿಕೊಂಡರಾಯಿತು.

ಅರ್ಧ ದಿನ ಕೊಡಲಾಗದು, ಒಂದೆರಡು ಗಂಟೆಯಷ್ಟೇ ಇದೆ. ಆಗ?

ಹಸಿರು ಬಣ್ಣದ ಡಿಸ್ಟ್ರಿಕ್ಟ್ ಮಾರ್ಗದಲ್ಲಿ ರಿಚ್ಮಂಡ್‌ಗೆ ಹೋಗಬಹುದು. ಅಂಡರ್‌ಗ್ರೌಂಡ್ ರೈಲುಗಳು ಥೇಮ್ಸ್ ನದಿಯನ್ನು ಹಲವು ಕಡೆ ದಾಟುತ್ತವೆಯಾದರೂ, ಸೇತುವೆಯ ಮೇಲೆ, ನೀರು ಕಣ್ಣಿಗೆ ಕಾಣುವಂತೆ ದಾಟುವುದು ಎರಡೇ ಕಡೆ, ಮತ್ತು ಎರಡೂ ಡಿಸ್ಟ್ರಿಕ್ಟ್ ಮಾರ್ಗದಲ್ಲಿವೆ. ರಿಚ್ಮಂಡ್ ಕವಲಿನಲ್ಲಿ ಗನರ್ಸ್‌ಬರಿ ಮತ್ತು ಕ್ಯೂ ಗಾರ್ಡನ್ಸ್ ನಡುವೆ 1869ರ ಸೇತುವೆ. ವಿಂಬಲ್ಡನ್ ಕವಲಿನಲ್ಲಿ ಪುಟ್ನಿ ಬ್ರಿಜ್ ಮತ್ತು ಈಸ್ಟ್ ಪುಟ್ನಿ ನಡುವೆ 1889ರ ಸೇತುವೆ. ಎರಡನೆಯದರ ಪಕ್ಕದಲ್ಲಿ ಕಾಲುದಾರಿಯೂ ಇರುವುದರಿಂದ, ಇಳಿದು ನಡೆದು, ರೈಲು ಹೊಳೆ ದಾಟುವುದನ್ನು ಹತ್ತಿರದಿಂದ ನೋಡಬಹುದು.

ಸೇತುವೆಯ ಮೇಲೆ ರೈಲು ಇರುವುದು ಅರ್ಧ ನಿಮಿಷಕ್ಕಿಂತ ಹೆಚ್ಚಲ್ಲ ಎಂಬುದನ್ನು ಮುಚ್ಚಿಡುವುದು ಬೇಡ. ಇಲ್ಲಿ ಆಸನಗಳೂ ಉದ್ದಸಾಲಿನವೇ. ಕ್ಯೂ ಸೇತುವೆಗೆ ಮೊದಲೇ ಎದ್ದು ಬಾಗಿಲ ಬಳಿ ನಿಲ್ಲುವುದು ಒಳ್ಳೆಯದು. ಈ ಕವಲಿನ ಬೆಲೆ ಇರುವುದು ಇಳಿದ ಮೇಲೆ. ಕ್ಯೂ ಗಾರ್ಡನ್ಸ್ ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ 2003ರಲ್ಲಿ ವಿಶ್ವ ಪರಂಪರೆಯ ತಾಣವಾದ ಸಸ್ಯೋದ್ಯಾನ. ತುದಿಯ ರಿಚ್ಮಂಡ್‌ನಲ್ಲಿ ಇಳಿದು ದಿಣ್ಣೆ ಹತ್ತಿದರೆ ಥೇಮ್ಸ್ ಬಳಸಿ ಹರಿಯುವ ನೋಟ. ಒಂದು ನೋಟವನ್ನು ಕಟ್ಟಡಗಳು ಮರೆಮಾಡಬಾರದೆಂದು 1902ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದ್ದು ಈ ದಿಣ್ಣೆಯ ವಿಷಯದಲ್ಲಿ.

ನಕ್ಷೆಯಲ್ಲಿ ಎಲ್ಲವೂ ಹತ್ತಿರ ಹತ್ತಿರವೇ ಇವೆಯಲ್ಲ?

ಆ ನಕ್ಷೆಯನ್ನು ನೋಡಿ ದೂರವನ್ನು ಅಳೆಯಬಾರದು. ಹ್ಯಾರಿ ಬೆಕ್ ರೂಪಿಸಿದ, 1933ರಲ್ಲಿ ಪ್ರಕಟವಾದ ಮಾದರಿಯನ್ನು ಅನುಸರಿಸುವ ಈ ಚಿತ್ರ, ಯಾವ ನಿಲ್ದಾಣದ ಮುಂದೆ ಯಾವುದು, ಎಲ್ಲಿ ಬದಲಾಯಿಸಬೇಕು ಎಂಬುದನ್ನಷ್ಟೇ ಹೇಳುತ್ತದೆ. ಲೆಸ್ಟರ್ ಸ್ಕ್ವೇರ್ ಮತ್ತು ಕಾವೆಂಟ್ ಗಾರ್ಡನ್ ನಡುವೆ ಇರುವುದು ಸುಮಾರು 260 ಮೀಟರ್; ಚಾಲ್‌ಫಾಂಟ್‌ನಿಂದ ಚೆಶಮ್ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಕಾಗದದ ಮೇಲೆ ಎರಡಕ್ಕೂ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಯಾವ ಭಾಗ ಸುರಂಗ, ಯಾವುದು ಬಯಲು ಎಂಬುದೂ ಅದರಿಂದ ತಿಳಿಯದು. ಹಸಿರು ಇರುವ ಕಡೆಯನ್ನು ಹುಡುಕುವವರು ಸಾಮಾನ್ಯ ಭೂಪಟವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಸೆಂಟ್ರಲ್, ನಾರ್ದರ್ನ್, ಪಿಕಡಿಲಿ ಮಾರ್ಗಗಳಲ್ಲಿ ನೋಡುವಂಥದ್ದು ಇಲ್ಲವೇ?

ಇದೆ, ಆದರೆ ತುದಿಗಳಲ್ಲಿ. ಸೆಂಟ್ರಲ್ ಮಾರ್ಗದ ಪೂರ್ವದ ತುದಿಯಾದ ಎಪ್ಪಿಂಗ್, ಅದಕ್ಕೂ ಮೊದಲು ಸಿಗುವ ಥೇಡನ್ ಬಾಯ್ಸ್, ಇವೆರಡೂ ಹಳ್ಳಿಯ ಗಾಳಿಯಿರುವ ನಿಲ್ದಾಣಗಳು. 1878ರ ಕಾಯ್ದೆಯಿಂದ ಉಳಿದುಕೊಂಡ ಎಪ್ಪಿಂಗ್ ಕಾಡು ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿದೆ. ಆದರೆ ಅಲ್ಲಿಗೆ ತಲುಪಲು ನಗರದ ನಡುವಿನ ಸೆಕೆಯ ಸುರಂಗಗಳಲ್ಲಿ, ಹವಾನಿಯಂತ್ರಣವಿಲ್ಲದ ರೈಲಿನಲ್ಲಿ ಬಹಳ ಹೊತ್ತು ಕಳೆಯಬೇಕು. ಎಪ್ಪಿಂಗ್‌ನಿಂದ ಮುಂದಕ್ಕೆ ಓಂಗರ್‌ವರೆಗೆ ಇದ್ದ ಭಾಗವನ್ನು 1994ರಲ್ಲಿ ಮುಚ್ಚಿದರು. ಈಗ ಆ ಹಳಿಯಲ್ಲಿ ಆಸಕ್ತರು ಹಳೆಯ ಉಗಿಬಂಡಿಗಳನ್ನು ಓಡಿಸುತ್ತಾರೆ. ರೈಲಿನ ಮೋಹವಿರುವವರಿಗೆ ಸೆಂಟ್ರಲ್ ಮಾರ್ಗದ ಸೆಕೆಯನ್ನು ಸಹಿಸಲು ಇದು ಸಾಕಷ್ಟು ಕಾರಣವಾದೀತು.

ನಾರ್ದರ್ನ್ ಮಾರ್ಗ ಬಹುಪಾಲು ಆಳದಲ್ಲಿದೆ. ಹ್ಯಾಂಪ್‌ಸ್ಟೆಡ್ ನಿಲ್ದಾಣ ನೆಲದಿಂದ 58 ಮೀಟರ್‌ಗೂ ಕೆಳಗಿದ್ದು, ಅದಕ್ಕಿಂತ ಆಳದ್ದು ಬೇರೊಂದಿಲ್ಲ. ಸೋಜಿಗವೆಂದರೆ ಅಂಡರ್‌ಗ್ರೌಂಡ್ ರೈಲು ನೆಲದಿಂದ ಅತಿ ಎತ್ತರದಲ್ಲಿ ಓಡುವ ಜಾಗವೂ ಇದೇ ಮಾರ್ಗದಲ್ಲಿದೆ. ಫಿಂಚ್ಲಿ ಸೆಂಟ್ರಲ್‌ನಿಂದ ಮಿಲ್ ಹಿಲ್ ಈಸ್ಟ್‌ಗೆ ಹೋಗುವ ಒಂದೇ ನಿಲ್ದಾಣದ ಕವಲಿನಲ್ಲಿ, ಡಾಲಿಸ್ ತೊರೆಯ ಮೇಲಿನ ಇಟ್ಟಿಗೆ ಕಮಾನುಗಳ ಸೇತುವೆ ಸುಮಾರು 18 ಮೀಟರ್ ಎತ್ತರದಲ್ಲಿದೆ. ಅದೊಂದನ್ನೇ ನೋಡಲು ಅಷ್ಟು ದೂರ ಹೋಗಿ ಎಂದು ಹೇಳಲಾರೆ.

ಪಿಕಡಿಲಿ ಮಾರ್ಗವನ್ನು ಹೀಥ್ರೂ ವಿಮಾನ ನಿಲ್ದಾಣದಿಂದ ಬರುವ ಬಹಳಷ್ಟು ಜನ ಹೇಗೂ ಹತ್ತುತ್ತಾರೆ. ಹೌನ್‌ಸ್ಲೋ ವೆಸ್ಟ್ ಆದಮೇಲೆ ಬೇರನ್ಸ್ ಕೋರ್ಟ್‌ವರೆಗೆ ರೈಲು ಬಯಲಲ್ಲೇ ಇರುತ್ತದೆ. ಇಟ್ಟಿಗೆ ಮನೆಗಳ ಸಾಲು ಮತ್ತು ಹಿತ್ತಿಲುಗಳಿಗಿಂತ ಹೆಚ್ಚೇನೂ ಕಾಣದಿದ್ದರೂ, ಹತ್ತು ಗಂಟೆಯ ವಿಮಾನ ಪ್ರಯಾಣದ ನಂತರ ಆ ಬೂದು ಬೆಳಕು ಹಿತವೆನಿಸುತ್ತದೆ. ಅದೇ ಮಾರ್ಗದ ಉತ್ತರ ಭಾಗದಲ್ಲಿ ಚಾರ್ಲ್ಸ್ ಹೋಲ್ಡನ್ ವಿನ್ಯಾಸದ, 1932ರಲ್ಲಿ ತೆರೆದ ಆರ್ನೋಸ್ ಗ್ರೋವ್ ನಿಲ್ದಾಣದ ದುಂಡನೆಯ ಕಟ್ಟಡವಿದೆ. ಅದು ಕಿಟಕಿಯ ನೋಟವಲ್ಲ, ಇಳಿದು ನೋಡಬೇಕಾದದ್ದು.

ಯಾವ ಮಾರ್ಗದಲ್ಲಿ ನೋಟವೇ ಇಲ್ಲ?

ವಿಕ್ಟೋರಿಯಾ ಮಾರ್ಗದಲ್ಲಿ ಮತ್ತು ವಾಟರ್‌ಲೂ ಆ್ಯಂಡ್ ಸಿಟಿ ಮಾರ್ಗದಲ್ಲಿ. ಪ್ರಯಾಣಿಕರಿರುವಾಗ ಇವೆರಡರ ರೈಲುಗಳು ಹಗಲು ಕಾಣುವುದೇ ಇಲ್ಲ. ಹಾಗೆಂದು ಕನ್ನಡಿಗರು ವಿಕ್ಟೋರಿಯಾ ಮಾರ್ಗವನ್ನು ಪೂರ್ತಿ ಬಿಡುವಂತಿಲ್ಲ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನೋಡಲು ಈ ಮಾರ್ಗದ ವಾಕ್ಸ್‌ಹಾಲ್‌ನಲ್ಲಿ ಇಳಿದು ದಡದಗುಂಟ ನಡೆಯಬಹುದು; ನದಿಯಾಚೆ ಸಂಸತ್ ಭವನವೂ ಕಾಣುತ್ತದೆ.

ಡಿಎಲ್‌ಆರ್ ಕೂಡ ಅಂಡರ್‌ಗ್ರೌಂಡ್ ಅಲ್ಲವೇ?

ಅಲ್ಲ. ಡಾಕ್‌ಲ್ಯಾಂಡ್ಸ್ ಲಘು ರೈಲು 1987ರಲ್ಲಿ ಆರಂಭವಾದ ಬೇರೆಯೇ ವ್ಯವಸ್ಥೆ. ಆದರೆ ಕಾರ್ಡು ಒಂದೇ, ನಕ್ಷೆಯೂ ಒಂದೇ. ಚಾಲಕನ ಕೋಣೆಯಿಲ್ಲದ ಕಾರಣ ಮುಂದಿನ ಆಸನದಲ್ಲಿ ಕುಳಿತರೆ ಎದುರಿನ ಗಾಜಿನಿಂದ ಹಳಿ, ಹಳೆಯ ಹಡಗುಕಟ್ಟೆಗಳ ನೀರು, ಕ್ಯಾನರಿ ವಾರ್ಫ್‌ನ ಗಗನಚುಂಬಿಗಳು ನೇರವಾಗಿ ಕಾಣುತ್ತವೆ. ಮಕ್ಕಳೊಂದಿಗೆ ಹೋಗುವವರಿಗೆ ಚೆಶಮ್‌ಗಿಂತ ಇದೇ ಸರಿ. ಒಂದು ಗಂಟೆ ಹುಲ್ಲುಗಾವಲು ನೋಡುವ ತಾಳ್ಮೆಯನ್ನು ಆರು ವರ್ಷದ ಮಗುವಿನಿಂದ ನಿರೀಕ್ಷಿಸಲಾಗದು.

ಯಾವ ತಿಂಗಳು, ಯಾವ ಹೊತ್ತು?

ಚಿಲ್ಟರ್ನ್ ಬೀಚ್ ಮರಗಳು ತಾಮ್ರದ ಬಣ್ಣಕ್ಕೆ ತಿರುಗುವ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಆರಂಭ ನನ್ನ ಮೊದಲ ಆಯ್ಕೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ ಎಲೆಗಳು ಎಳೆಹಸಿರಾಗಿರುತ್ತವೆ, ಮರಗಳಡಿ ನೀಲಿ ಗಂಟೆಹೂಗಳ ಹಾಸು ಇರುತ್ತದೆ. ಜೂನ್‌ನಲ್ಲಿ ರಾತ್ರಿ ಒಂಬತ್ತರ ನಂತರವೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುವುದರಿಂದ, ಮಧ್ಯಾಹ್ನದ ಊಟ ಮುಗಿಸಿ ನಿಧಾನವಾಗಿ ಹೊರಟವರಿಗೆ ಬಯಲಿನ ದಾರಿಯೂ ಸುರಂಗದಂತೆಯೇ ಇರುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 9.30ರ ನಂತರ ಹೊರಟರೆ ಜನಸಂದಣಿಯೂ ಕಡಿಮೆ, ದರವೂ ಕಡಿಮೆ. ವಾರಾಂತ್ಯದಲ್ಲಿ ದುರಸ್ತಿಗಾಗಿ ಮಾರ್ಗದ ಭಾಗಗಳನ್ನು ಮುಚ್ಚುವುದು ಸಾಮಾನ್ಯ. ಹಿಂದಿನ ದಿನವೇ ಲಂಡನ್ನಿನ ಸಾರಿಗೆ ಸಂಸ್ಥೆಯಾದ ಟಿಎಫ್‌ಎಲ್‌ನ ಜಾಲತಾಣದಲ್ಲಿ ನೋಡಿಕೊಳ್ಳದೆ ಹೊರಡಬಾರದು.

ಟಿಕೆಟ್‌ಗೆ ಏನು ಮಾಡಬೇಕು? ಭಾರತದ ಬ್ಯಾಂಕ್ ಕಾರ್ಡು ನಡೆಯುತ್ತದೆಯೇ?

ಮೊದಲೇ ಹಣ ತುಂಬಿಸಿ ಬಳಸುವ ಆಯಿಸ್ಟರ್ ಎಂಬ ಪ್ರಯಾಣದ ಕಾರ್ಡಾಗಲಿ, ಸ್ಪರ್ಶರಹಿತ ಪಾವತಿಯ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡಾಗಲಿ ಸಾಕು. ಕಾಗದದ ಟಿಕೆಟ್ ದುಬಾರಿ. ಭಾರತದ ಕಾರ್ಡಾದರೆ ವಿದೇಶಿ ಬಳಕೆಯನ್ನೂ ಸ್ಪರ್ಶರಹಿತ ಪಾವತಿಯನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ಚಾಲೂ ಮಾಡಿಸಿರಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಅವು ತಾವಾಗಿಯೇ ತೆರೆದಿರುವುದಿಲ್ಲ. ವಿದೇಶಿ ವಹಿವಾಟಿನ ಶುಲ್ಕವೂ ಸೇರುತ್ತದೆ. ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡು ತೋರಿಸಿ ಒಳಗೆ ಹೋಗಲಾಗದು, ಒಬ್ಬರಿಗೊಂದು ಬೇಕು. ಹನ್ನೊಂದು ವರ್ಷದೊಳಗಿನ ಮಕ್ಕಳು ಹಿರಿಯರ ಜೊತೆಗಿದ್ದರೆ ಟ್ಯೂಬ್‌ನಲ್ಲಿ ಉಚಿತ.

ದರ ವಲಯಗಳ ಲೆಕ್ಕದಲ್ಲಿದ್ದು, ನಡು ಲಂಡನ್ 1ನೆಯ ವಲಯ, ಚೆಶಮ್ ಮತ್ತು ಆಮರ್‌ಶಮ್ ಕೊನೆಯದಾದ 9ನೆಯ ವಲಯ. ಒಳಗೆ ಹೋಗುವಾಗ ಮುಟ್ಟಿಸಿದ ಕಾರ್ಡನ್ನೇ ಹೊರಗೆ ಬರುವಾಗಲೂ ಮುಟ್ಟಿಸಬೇಕು. ಮರೆತರೆ ಗರಿಷ್ಠ ದರ ಬೀಳುತ್ತದೆ. ಇಳಿಯದೆ ಅದೇ ರೈಲಿನಲ್ಲಿ ಹಿಂದಿರುಗುವ ಯೋಚನೆ ಇದ್ದರೂ ಚೆಶಮ್‌ನಲ್ಲಿ ಹೊರಗೆ ಬಂದು, ಕಾರ್ಡು ಮುಟ್ಟಿಸಿ, ಮತ್ತೆ ಒಳಗೆ ಹೋಗುವುದೇ ಕ್ರಮ.

ಛಾಯಾಚಿತ್ರ ತೆಗೆಯಬಹುದೇ?

ಸ್ವಂತಕ್ಕಾಗಿ ತೆಗೆಯಬಹುದು. ಫ್ಲ್ಯಾಶ್ ಮತ್ತು ಮುಕ್ಕಾಲಿ ಸಲ್ಲದು.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಹತ್ತಿದವರಿಗೆ ಇದು ಸಪ್ಪೆ ಎನಿಸುವುದಿಲ್ಲವೇ?

ಜಲಪಾತ, ಪ್ರಪಾತ, 57 ಸುರಂಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಖಂಡಿತ ಸಪ್ಪೆ. ಚಿಲ್ಟರ್ನ್ ಗುಡ್ಡಗಳು ಮಲೆನಾಡಿಗರ ಕಣ್ಣಿಗೆ ಗುಡ್ಡಗಳೇ ಅಲ್ಲ. ಇಲ್ಲಿನ ಸೊಗಸು ಬೇರೆ ಬಗೆಯದು: ಬೇಕರ್ ಸ್ಟ್ರೀಟ್‌ನ 1863ರ ಇಟ್ಟಿಗೆ ಕಮಾನುಗಳ ಹತ್ತಿರ ಹತ್ತಿದ ನಗರ ರೈಲು, ಕಚೇರಿಯಿಂದ ಮನೆಗೆ ಹೊರಟವರನ್ನು ಒಬ್ಬೊಬ್ಬರನ್ನಾಗಿ ಇಳಿಸುತ್ತಾ, ಒಂದು ಗಂಟೆಯೊಳಗೆ ಹೊಲದ ನಡುವೆ ತಂದುಬಿಡುವುದು. ಮಹಾನಗರವೊಂದು ಹಂತಹಂತವಾಗಿ ತೆಳುವಾಗುವುದನ್ನು ಕುಳಿತಲ್ಲೇ ನೋಡುವ ಆಸಕ್ತಿ ಇಲ್ಲದವರು ಆ ಅರ್ಧ ದಿನವನ್ನು ವಸ್ತುಸಂಗ್ರಹಾಲಯಕ್ಕೆ ಕೊಡುವುದೇ ಲೇಸು.

ಹಿರಿಯರನ್ನು ಕರೆದುಕೊಂಡು ಹೋಗುವಾಗ ಗಮನಿಸಬೇಕಾದದ್ದು?

ಅಂಡರ್‌ಗ್ರೌಂಡ್ ರೈಲುಗಳಲ್ಲಿ ಶೌಚಾಲಯ ಇರುವುದಿಲ್ಲ. ಒಂದು ಗಂಟೆಯ ಚೆಶಮ್ ದಾರಿಯಲ್ಲಿ ಇದು ಸಣ್ಣ ವಿಷಯವಲ್ಲ. ಬೇಕರ್ ಸ್ಟ್ರೀಟ್‌ನಲ್ಲೇ ಮುಗಿಸಿಕೊಂಡು ಹತ್ತುವುದು ಜಾಣತನ. ಮೆಟ್ಟಿಲಿಲ್ಲದೆ ಹೋಗಬಹುದಾದ ನಿಲ್ದಾಣಗಳನ್ನು ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತಿನಿಂದ ತೋರಿಸಿರುತ್ತಾರೆ.

ಹಿಂದಿರುಗುವಾಗಲೂ ಅದೇ ದಾರಿಯೇ?

ಚೆಶಮ್‌ನಿಂದ ಬೇರೆ ರೈಲಿಲ್ಲ. ಆದರೆ ಆಮರ್‌ಶಮ್‌ನಿಂದಾಗಲಿ ಚಾಲ್‌ಫಾಂಟ್‌ನಿಂದಾಗಲಿ ಚಿಲ್ಟರ್ನ್ ಸಂಸ್ಥೆಯ ರೈಲು ಹ್ಯಾರೋವರೆಗೆ ಇದೇ ಹಳಿಗಳಲ್ಲಿ ಓಡಿ, ಕಡಿಮೆ ಕಡೆ ನಿಂತು, ನಡು ಲಂಡನ್ನಿನ ಮ್ಯಾರಿಲಬೋನ್ ನಿಲ್ದಾಣಕ್ಕೆ ಬೇಗ ತಲುಪಿಸುತ್ತದೆ. ಅದೇ ಕಾರ್ಡು ನಡೆಯುತ್ತದೆ. ನಡೆಯುವ ಉತ್ಸಾಹವಿದ್ದವರಿಗೆ ಇನ್ನೊಂದು ದಾರಿಯೂ ಉಂಟು. ಚೆಶಮ್‌ನಿಂದ ಚೆಸ್ ನದಿಯ ಜೊತೆಜೊತೆಗೇ, ಲ್ಯಾಟಿಮರ್ ಹಳ್ಳಿಯ ಬದಿಯಿಂದ ರಿಕ್‌ಮನ್ಸ್‌ವರ್ತ್‌ವರೆಗೆ ಸುಮಾರು 16 ಕಿಲೋಮೀಟರ್‌ನ ಗುರುತು ಹಾಕಿದ ಕಾಲುದಾರಿಯಿದೆ. ಸೀಮೆಸುಣ್ಣದ ಕಲ್ಲಿನಿಂದ ಸೋಸಿ ಬರುವ ನೀರು ತಳ ಕಾಣುವಷ್ಟು ತಿಳಿ. ಪೂರ್ತಿ ನಡೆಯಲಾಗದವರು ಲ್ಯಾಟಿಮರ್‌ನಲ್ಲಿ ದಾರಿ ಬಿಟ್ಟು, ಗುಡ್ಡ ಹತ್ತಿ, ಚಾಲ್‌ಫಾಂಟ್ ನಿಲ್ದಾಣದಲ್ಲಿ ರೈಲು ಹಿಡಿಯಬಹುದು.